ವರ್ಸೇಲ್ಸ್ ಒಪ್ಪಂದದ ಹತ್ತನೇ ಷರತ್ತು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ನನಗೆ ಮೊದಲಿನಿಂದಲೂ ಇಲ್ಲ. ಬಸ್ ನಿಲ್ದಾಣದಲ್ಲಿ ಯಾರಾದರೂ ಕೊರಟಗೆರೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ, "ಇನ್ನೇನು ಬಂತು" ಎಂದು ಹೇಳಿ ಮೆಲ್ಲಗೆ ಜಾಗ ಬದಲಿಸುವವನು ನಾನು. ಇಂಥವನು ಮಧುಗಿರಿಯ ಸಣ್ಣದೊಂದು ಸ್ನಾತಕೋತ್ತರ ಕೇಂದ್ರದಲ್ಲಿ ಇಪ್ಪತ್ತು ವರ್ಷ ಇತಿಹಾಸ ಹೇಳಿ, ಈಗ ವಿಭಾಗದ ಮುಖ್ಯಸ್ಥನಾಗಿ ಕುಳಿತಿದ್ದೇನೆ.

ಈ ವರ್ಷ 'ಅಂತರರಾಷ್ಟ್ರೀಯ ಸಂಬಂಧಗಳ ಇತಿಹಾಸ'ದ ಪಾಠ ನನ್ನಿಂದಾಗದು ಎಂದುಬಿಟ್ಟೆ. ಕಾರಣ ಮಂಡಿನೋವು ಎಂದು ಬರೆದುಕೊಟ್ಟರೂ, ನಿಜವಾದ ಕಾರಣ ದಿನಪತ್ರಿಕೆ. ರಾತ್ರಿ ಸ್ನೇಹಿತರಾಗಿದ್ದ ದೇಶಗಳು ಬೆಳಗಾಗುವುದರೊಳಗೆ ಮುಖ ತಿರುಗಿಸಿಕೊಂಡಿದ್ದರೆ ಮೇಷ್ಟ್ರು ಏನು ಮಾಡಬೇಕು? ಸರಿ, ಅತಿಥಿ ಉಪನ್ಯಾಸಕರು ಬೇಕೆಂದು ಪ್ರಕಟಣೆ ಹೊರಟಿತು. ಬಂದ ಅರ್ಜಿ ಮೂರು. ಪಾವಗಡದವನಿಗೆ ಹಿಂದೂಪುರದಲ್ಲಿ ಕೆಲಸ ಸಿಕ್ಕಿತ್ತು. ಇನ್ನೊಬ್ಬ ಅರ್ಥಶಾಸ್ತ್ರದವನು, ತಪ್ಪಿ ಹಾಕಿದ್ದನಂತೆ. ಉಳಿದವಳು ಬರಗೂರಿನ ಮಂಜುಳಾ, ನನ್ನದೇ ಹಳೆಯ ವಿದ್ಯಾರ್ಥಿನಿ. ಶಿರಾದಲ್ಲಿ ಅವಳು ಪಾಠ ಹೇಳುತ್ತಿದ್ದ ಖಾಸಗಿ ಕಾಲೇಜಿನಲ್ಲಿ ಕಲಾ ವಿಭಾಗವನ್ನೇ ಮುಚ್ಚಿದ್ದರು. "ಇದೂ ಸಿಗ್ಲಿಲ್ಲ ಅಂದ್ರೆ ಹೊಲಿಗೆ ಮಿಷಿನ್ನೇ ಗತಿ ಸಾರ್" ಎಂದಳು.

ಸಂದರ್ಶನಕ್ಕೆ ತುಮಕೂರಿನಿಂದ ವಿಷಯತಜ್ಞರೊಬ್ಬರು ಬಂದರು. ವರ್ಸೇಲ್ಸ್ ಒಪ್ಪಂದ ಪಾಠ ಮಾಡಿ ತೋರಿಸಲು ಹೇಳಿದರು. ಮಂಜುಳಾ ಚೀಟಿ ನೋಡದೆ ಜರ್ಮನಿಯ ಮೇಲೆ ಹೇರಿದ ಷರತ್ತುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದಳು. ನಾನು ಹೆಮ್ಮೆಯಿಂದ ಬೀಗುತ್ತಿದ್ದೆ. ಅಷ್ಟರಲ್ಲಿ ಬಂತು: "ಹತ್ತನೇದು, ಜರ್ಮನಿಯ ಕೊಳಚೆ ನೀರು ನೆರೆರಾಷ್ಟ್ರದ ಗಡಿಯೊಳಗೆ ಹರಿಯತಕ್ಕದ್ದಲ್ಲ."

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹತ್ತು ಅಂಕದ ಪ್ರಶ್ನೆಗೆ ಹತ್ತು ಪಾಯಿಂಟು ಇರಲೇಬೇಕು. ಇಲ್ಲದಿದ್ದರೆ ಮಕ್ಕಳು ಪೆನ್ನು ಕೆಳಗಿಡುವುದಿಲ್ಲ. ವರ್ಷಗಳ ಹಿಂದೆ ನೋಟ್ಸ್ ಹೇಳಿ ಬರೆಸುವಾಗ ನನಗೆ ಒಂಬತ್ತಕ್ಕೇ ನಿಂತುಹೋಯಿತು. ಅವತ್ತು ಬೆಳಿಗ್ಗೆಯಷ್ಟೇ, ಪಕ್ಕದ ಮನೆ ರುದ್ರಣ್ಣನ ಬಚ್ಚಲ ನೀರು ನಮ್ಮ ಅಂಗಳಕ್ಕೆ ನುಗ್ಗಿ ಜಗಳವಾಗಿತ್ತು. ಹೊಟ್ಟೆಯಲ್ಲಿದ್ದ ಉರಿ ಹತ್ತನೇ ಷರತ್ತಾಗಿ ಹೊರಬಂತು.

"ಇದು ಯಾವ ಪುಸ್ತಕದಲ್ಲಿದೆಯಮ್ಮಾ?" ಎಂದರು ತಜ್ಞರು. ಮಂಜುಳಾ ನನ್ನ ಕಡೆ ಒಂದು ಕ್ಷಣ ನೋಡಿ ತಲೆ ತಗ್ಗಿಸಿದಳು. "ಎಲ್ಲೋ ಓದಿದ್ದೆ ಸಾರ್, ಗ್ಯಾಪ್ಕ ಬರ್ತಿಲ್ಲ." ತಜ್ಞರು ಅಂಕಪಟ್ಟಿ ಎಳೆದುಕೊಂಡು ಪೆನ್ನಿನ ಕ್ಯಾಪು ತೆಗೆದರು. ಅವಳು ನನ್ನ ಮಾನ ಉಳಿಸಲು ತನ್ನ ಅನ್ನಕ್ಕೇ ಕಲ್ಲು ಹಾಕಿಕೊಳ್ಳುತ್ತಿದ್ದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. "ಸಾರ್, ಅದು ಪುಸ್ತಕದಲ್ಲಿಲ್ಲ. ನಮ್ಮನೆ ಅಂಗಳದ್ದು" ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ತಜ್ಞರು ತೆಗೆದ ಕ್ಯಾಪನ್ನು ಮತ್ತೆ ಪೆನ್ನಿಗೆ ಸಿಕ್ಕಿಸಿದರು. "ಹಾಗಾದ್ರೆ ಇದು ನಿಮ್ದಾ? ನಾಲ್ಕು ವರ್ಷದಿಂದ ಮೌಲ್ಯಮಾಪನದಲ್ಲಿ ನಿಮ್ಮ ಕಡೆ ಉತ್ತರಪತ್ರಿಕೆಗಳಲ್ಲೆಲ್ಲ ಇದನ್ನ ನೋಡ್ತಿದೀನಿ. ಇಷ್ಟು ಜನ ಬರೀತಾರೆ ಅಂದ್ಮೇಲೆ ಇದ್ದೇ ಇರಬೇಕು ಅಂತ ನಾನೂ ಒಂದೊಂದು ಅಂಕ ಹಾಕಿದೀನಲ್ರೀ" ಎಂದರು. ಆಮೇಲೆ ಆ ವಿಷಯವನ್ನು ಮೂವರೂ ಎತ್ತಲಿಲ್ಲ. ಮಂಜುಳಾಗೆ ಕೆಲಸವಾಯಿತು.

ಅವಳು ಮೊದಲ ವಾರವೇ ವರ್ಸೇಲ್ಸ್ ಪಾಠ ಮಾಡಿ, ಷರತ್ತು ಒಂಬತ್ತೇ ಎಂದು ಬರೆಸಿದಳಂತೆ. ಹತ್ತನೆಯದು ಎಲ್ಲಿ ಎಂದು ಮಕ್ಕಳು ಹಟ ಹಿಡಿದಾಗ ಅದರ ಕಥೆಯನ್ನೂ ಹೇಳಿದಳಂತೆ. ಹೇಳಲಿ, ತಪ್ಪಿಲ್ಲ. ಆದರೆ ಆ ತರಗತಿಯಲ್ಲಿ ರುದ್ರಣ್ಣನ ಮಗಳೂ ಕೂರುತ್ತಾಳೆಂಬುದು ಪಾಪ ಅವಳಿಗೆ ತಿಳಿಯದು.

ಸಂಜೆ ರುದ್ರಣ್ಣ ಕಾಂಪೌಂಡಿನ ಮೇಲೆ ಕೈಯೂರಿ ನಿಂತಿದ್ದ. "ಏನ್ ಮೇಷ್ಟ್ರೇ, ಜರ್ಮನಿ ಅಂದ್ರೆ ನಾನಂತೆ? ಆಗ್ಲಿ ಬುಡಿ, ನೀರು ಆ ಕಡೀಕ್ ತಿರುಗಿಸ್ತೀನಿ. ಆದ್ರೆ ನಿಮ್ ತೆಂಗಿನ ಗರಿ ಬಿದ್ದು ನಮ್ ಶೀಟು ಎರಡು ಸಲ ಒಡೀತಲ್ಲ, ಅದನ್ಯಾಕೆ ಹನ್ನೊಂದನೇದು ಅಂತ ಬರೆಸ್ಲಿಲ್ಲ?"

"ಗೊತ್ತಿಲ್ಲ ರುದ್ರಣ್ಣ" ಎಂದೆ. ಜೀವನದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಸಲೀಸಾಗಿ ಹೊರಟಿತು. ಅದೂ ಚೆನ್ನಾಗಿ ಗೊತ್ತಿದ್ದ ವಿಷಯಕ್ಕೆ.