ಏಕಾದಶಿ ಹಾಳೆಯಲ್ಲಿ ಬಾಡಿನ ಮಸಾಲೆ

ನಮ್ಮ ಸೋದರತ್ತೆ ಬಸ್ಸಿನ ಡ್ರೈವರನ್ನು ನಂಬುತ್ತಾರೆ, ನಾಲೆಯ ನೀರನ್ನು ನಂಬುತ್ತಾರೆ, ಬೆಳಗ್ಗೆ ಟೀವಿಯಲ್ಲಿ ಬರುವ ಜ್ಯೋತಿಷಿಯನ್ನೂ ಅರ್ಧಂಬರ್ಧ ನಂಬುತ್ತಾರೆ. ಅವರು ಈ ಲೋಕದಲ್ಲಿ ನಂಬದೇ ಇರುವುದು ಒಂದನ್ನೇ, ಅದು ಬೇರೆಯವರ ಮನೆಯ ಒಗ್ಗರಣೆ ಡಬ್ಬಿ! ಸಾಸಿವೆ ಎಲ್ಲಿದ್ದರೂ ಸಾಸಿವೆಯೇ ಅಲ್ಲವೇ ಎಂದು ನೀವು ಕೇಳಬಹುದು. ನಾನೂ ಒಂದು ಸಲ ಕೇಳಿದ್ದೆ. "ಅಂಗಾದ್ರೆ ಗಂಡಸ್ರೆಲ್ಲಾ ಒಂದೇ ಅಂತ ಯಾರ್ನಾರ ಕಟ್ಕಬೋದಾಗಿತ್ತು ನೀನು, ಅಷ್ಟೊಂದು ಯಾಕೆ ಹುಡುಕ್ಸಿದೆ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಹೀಗಾಗಿ ಕೊತ್ತತ್ತಿಯ ಮನೆಯಿಂದ ಹೊರಗೆ ಕಾಲಿಟ್ಟರೆ ಅವರ ಜೊತೆ ಒಂದು ಕೈಚೀಲ ಹೊರಡುತ್ತದೆ. ಚೀಲದ ತುಂಬ ಪುಟ್ಟಪುಟ್ಟ ಪೊಟ್ಟಣಗಳು. ಒಂದೊಂದೂ ಒಂದು ಹೊತ್ತಿನ ಅಡುಗೆಗೆ ಸರಿಯಾಗಿ ಅಳೆದದ್ದು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ಇದೆಯಲ್ಲ, ಆ ಹಾಳೆಗಳನ್ನು ಅವರು ವರ್ಷವಿಡೀ ಕೂಡಿಡುತ್ತಾರೆ. ಅಮಾವಾಸ್ಯೆಯೊಳಗೆ ಅರಿಶಿನ ಕೂತಿರುತ್ತದೆ, ಸಂಕಷ್ಟಿಯೊಳಗೆ ಮೆಣಸು. ಒಮ್ಮೆ ಏಕಾದಶಿ ಹಾಳೆಯಲ್ಲಿ ಬಾಡಿನ ಮಸಾಲೆ ಕಟ್ಟಿದ್ದನ್ನು ಮಾವ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಮಸಾಲೆ ಉಪಾಸ ಇದ್ರೆ ಸಾಕು, ನೀವ್ ತಿನ್ನಿ" ಎಂದರು ಅತ್ತೆ.

ಪೊಟ್ಟಣದ ಮೇಲೆ ಹೆಸರಿಲ್ಲ, ಗುರುತಿಲ್ಲ. ಮೂಗಿನ ಹತ್ತಿರ ತಂದರೆ ಸಾಕು, ಒಳಗೇನಿದೆ, ಯಾವ ತಿಂಗಳು ಹುರಿದದ್ದು ಎಲ್ಲ ಅತ್ತೆಗೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿತ್ತು ಎಂದೆ. ಮೂರು ವರ್ಷದ ಹಿಂದೆ ಒಂದು ಜ್ವರ ಬಂದು ಹೋಯಿತು. ಹೋಗುವಾಗ ಅತ್ತೆಯ ಮೂಗಿನಲ್ಲಿದ್ದ ವಾಸನೆಯನ್ನು ಪೂರ್ತಿ ತೆಗೆದುಕೊಂಡು ಹೋಯಿತು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಆದರೆ ಒಂದು ದಿನ ಹಾಲು ಸೀದು ವಾಸನೆ ಬೀದಿಗೆ ಬಂದಿತ್ತು, ಅತ್ತೆ ಒಲೆಯ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಆಮೇಲೆ ಪೊಟ್ಟಣಗಳ ದಾರದಲ್ಲಿ ಗಂಟುಗಳು ಕಾಣಿಸಿಕೊಂಡವು. ಉಪ್ಪಿಗೆ ಒಂದು ಗಂಟು, ಖಾರದ ಪುಡಿಗೆ ಎರಡು, ಮಸಾಲೆಗೆ ಮೂರು. ನಮಗೆಲ್ಲ ಅರ್ಥವಾಯಿತು. ಅರ್ಥವಾಗಿದೆ ಎಂದು ಅವರಿಗೆ ಅರ್ಥವಾಗದಂತೆ ನಾವೆಲ್ಲ ಬದುಕತೊಡಗಿದೆವು.

ಇದೇನು ದೊಡ್ಡ ವಿಷಯ ಎನ್ನಬೇಡಿ. ನಮ್ಮ ವಂಶದ ನಾಲಗೆ ಇರುವುದೇ ಆ ಮೂಗಿನಲ್ಲಿ. ವರ್ಷಕ್ಕೊಮ್ಮೆ ನಾವು ನಲವತ್ತು ಜನ ಟೆಂಪೋ ಮಾಡಿಕೊಂಡು, ಮಳವಳ್ಳಿ ದಾಟಿ, ಹೊಳೆದಂಡೆಯ ನಮ್ಮ ಮನೆದೇವರಾದ ಅಮ್ಮನ ಗುಡಿಗೆ ಹೋಗುತ್ತೇವೆ. ಅಲ್ಲೇ ಮೂರು ಕಲ್ಲು ಹೂಡಿ ಬಾಡಿನ ಸಾರು, ಮುದ್ದೆ ಮಾಡಿ, ಅಮ್ಮನಿಗೆ ಎಡೆ ಇಟ್ಟು ಊಟ ಮಾಡಿ ಬರುತ್ತೇವೆ. ಎಡೆ ಇಡುವ ತನಕ ಸಾರನ್ನು ಯಾರೂ ರುಚಿ ನೋಡುವಂತಿಲ್ಲ. ಮತ್ತೆ ಸಾರು ಹದಕ್ಕೆ ಬಂದಿದೆಯೆಂದು ಹೇಗೆ ತಿಳಿಯಬೇಕು? ಅತ್ತೆ ಹಬೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಒಂದು ಉಸಿರೆಳೆದು "ಆಯ್ತು" ಅನ್ನುತ್ತಿದ್ದರು. ಮೂವತ್ತು ವರ್ಷ ಆ ಒಂದು ಮಾತಿನ ಮೇಲೆ ನಮ್ಮ ಊಟ ನಡೆದಿದೆ.

ಅವರ ಮೂಗು ನೆಟ್ಟಗಿದ್ದ ಕಾಲದ್ದು ಒಂದು ಕಥೆ ಹೇಳಬೇಕು. ಮದ್ದೂರಿನಲ್ಲಿ ರೈಲು ನಿಂತಿತ್ತು. ನಾನು ಆಸೆಪಟ್ಟು ವಡೆ ಕೊಂಡೆ. ಅತ್ತೆ ಅದನ್ನು ಮುರಿದು, ಮೂಸಿ, ಚೀಲದಿಂದ ಒಂದು ಪೊಟ್ಟಣ ತೆಗೆದು ಚಿಟಿಕೆ ಪುಡಿ ಉದುರಿಸಿದರು. ಮದ್ದೂರಿನಲ್ಲಿ ಕೂತು ಮದ್ದೂರು ವಡೆಯನ್ನು ತಿದ್ದಿದ ಮನುಷ್ಯರು ಬೇರೆ ಯಾರಾದರೂ ಇದ್ದಾರೆಯೇ? ವಡೆ ಮಾರುವವನು ಕಿಟಕಿಯಲ್ಲೇ ನಿಂತು ನೋಡಿದ. "ಅದೇನಮ್ಮ ಆಕಿದ್ದು?" ಎಂದ. ಅತ್ತೆ ಅವನ ಕೈಗೂ ಒಂದು ಚೂರು ಕೊಟ್ಟರು. ಅವನು ಬಾಯಿಗೆ ಹಾಕಿಕೊಂಡು ಮೆಲ್ಲುತ್ತಲೇ ನಿಂತ. ರೈಲು ಹೊರಟ ಮೇಲೆ ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ಓಡಿಬಂದು, "ಸೊಂಟೀನಾ?" ಎಂದು ಕೂಗಿದ. "ಓಮ" ಎಂದು ಅತ್ತೆ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

ಮತ್ತೊಂದು ವರ್ಷ ಹೊಳೆದಂಡೆಯಲ್ಲಿ ಮಾವ ಕುಂಕುಮದ ಪೊಟ್ಟಣವೆಂದು ಖಾರದ ಪುಡಿಯ ಪೊಟ್ಟಣ ಗುಡಿಗೆ ಒಯ್ದರು. ಪೂಜಾರಪ್ಪ ಭಕ್ತಿಯಿಂದ ಮಾವನ ಹಣೆಗೆ ಉದ್ದಕ್ಕೆ ಎಳೆದರು. ಸ್ವಲ್ಪ ಹೊತ್ತಿಗೆ ಬೆವರು ಇಳಿಯಿತು, ಬೆವರಿನ ಜೊತೆ ಖಾರವೂ ಕಣ್ಣಿಗೆ ಇಳಿಯಿತು. "ಅಮ್ಮ ಈ ಸಲ ಬಾಳ ಉಗ್ರವಾಗವ್ಳೆ" ಎನ್ನುತ್ತ ಮಾವ ಹೊಳೆಗೆ ಓಡಿದರು. ಅತ್ತೆ ದಡದಲ್ಲಿ ನಿಂತು, "ಒಂದ್ಸಲ ಮೂಸಿ ನೋಡಕೇನಾಗಿತ್ತು? ದೇವ್ರು ಮೂಗು ಕೊಟ್ಟಿರದು ಬರೀ ಕನ್ನಡ್ಕ ನಿಲ್ಸಕಾ?" ಎಂದು ಕೇಳಿದರು.

ಅವರು ಪೊಟ್ಟಣ ಕಟ್ಟುತ್ತಿದ್ದ ಮಧ್ಯಾಹ್ನಗಳು ನನಗೆ ಈಗಲೂ ಕನಸಿನ ಹಾಗೆ ಬರುತ್ತವೆ. ರಜೆಗೆ ಹೋದಾಗ ನಾನು ನಡುಮನೆಯ ತಣ್ಣನೆ ನೆಲದಲ್ಲಿ ಮಲಗಿರುತ್ತಿದ್ದೆ. ಗವಾಕ್ಷಿಯಿಂದ ಬಿದ್ದ ಬಿಸಿಲಿನಲ್ಲಿ ಧನಿಯದ ಹೊಟ್ಟು ಏಳುತ್ತ ಬೀಳುತ್ತ ತೇಲುತ್ತಿತ್ತು. ಹಿತ್ತಲಿನಾಚೆ ನಾಲೆಯ ನೀರು ಹರಿಯುವ ಸದ್ದು. ಅತ್ತೆ ಒಂದೊಂದನ್ನೇ ಮೂಸಿ, ಒಂದೊಂದನ್ನೇ ಮಡಚಿ ದಾರ ಸುತ್ತುತ್ತಿದ್ದರು. ಅರ್ಧ ನಿದ್ದೆಯಲ್ಲಿ ನನಗೆ ಮೊದಲು ಲವಂಗ ಬರುತ್ತಿತ್ತು, ಆಮೇಲೆ ಮೆಂತ್ಯ. ಇಂಗಿನ ಹೊತ್ತಿಗೆ ನಿದ್ದೆ ಬಂದೇಬಿಡುತ್ತಿತ್ತು. ಅಷ್ಟು ಸುಖದ ನಿದ್ದೆ ಮಂಡ್ಯದ ನನ್ನ ಮನೆಯ ದುಬಾರಿ ಹಾಸಿಗೆಯ ಮೇಲೆ ಒಂದು ದಿನವೂ ಬಂದಿಲ್ಲ.

ಜ್ವರ ಬಂದ ಮೇಲೆ ಎರಡು ವರ್ಷ ಏನೇನೋ ನೆಪದಲ್ಲಿ ಹೊಳೆದಂಡೆಯ ಊಟ ತಪ್ಪಿತು. ಈ ವರ್ಷ ಹೊರಡುವುದೆಂದಾಯಿತು. ಮದ್ದೂರಿನ ಚಿಕ್ಕಪ್ಪ ಮೊದಲೇ ಫೋನಿನಲ್ಲಿ ಅಂದರು, "ಈ ಸಲ ಅಕ್ಕನ್ ಕೈಲಿ ಸಾರು ಕೆಟ್ರೆ ಮುಂದ್ಲೊರ್ಸದಿಂದ ಅಡ್ಗೆಯವ್ರನ್ನ ಕರ್ಸದೆಯ. ನಲ್ವತ್ ಜನದ ಊಟ, ಆಟ ಅಲ್ಲ." ಆ ಮಾತು ಹೇಗೋ ಅತ್ತೆಯ ಕಿವಿಗೂ ಬಿತ್ತು. ಆ ವಾರವೆಲ್ಲ ಪೊಟ್ಟಣ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು ಎಂದು ಮಾವ ಹೇಳಿದರು.

ಹೊರಡುವ ದಿನ ನನ್ನ ಅಮ್ಮ ನನ್ನ ಕೈಗೆ ಗುಟ್ಟಾಗಿ ಒಂದು ಪೊಟ್ಟಣ ಉಪ್ಪು ತುರುಕಿದರು. "ನಮ್ಮತ್ಗೆಮ್ಮ ಮರ್ತ್ಬುಟ್ರೆ ಆಕ್ಬುಡು. ಅವ್ರಿಗೆ ಕಾಣ್ದಂಗೆ."

ಹೊಳೆದಂಡೆ ತಲುಪಿ, ಒಲೆ ಹತ್ತಿಸಿ, ಸಾರು ಕುದಿಯಲು ಬಿಟ್ಟು ಅತ್ತೆ ಗುಡಿಯ ಕಡೆ ಹೋದರು. ನಾನು ಚೀಲ ನೋಡಿದೆ. ಒಂದು ಗಂಟಿನ ಉಪ್ಪಿನ ಪೊಟ್ಟಣ ಕಟ್ಟಿದ ಹಾಗೇ ಇದೆ! ರುಚಿ ನೋಡುವಂತಿಲ್ಲ. ಆಚೀಚೆ ನೋಡಿ ನನ್ನ ಪೊಟ್ಟಣವನ್ನು ಸುರಿದು, ಸೌಟಾಡಿಸಿ, ನೆಮ್ಮದಿಯಿಂದ ನೀರು ತರಲು ಹೋದೆ. ವಂಶದ ಮಾನ ಉಳಿಸಿದವಳ ನಡಿಗೆ ಹೇಗಿರುತ್ತದೆ ಎಂದು ನೀವು ಅಂದು ನೋಡಬೇಕಿತ್ತು.

ಎಡೆ ಆಯಿತು. ಅತ್ತೆ ಬಂದು ಸೌಟಿನಿಂದ ಎರಡು ಹನಿ ಅಂಗೈಗೆ ಹಾಕಿ ನೆಕ್ಕಿದರು. ವಾಸನೆ ಹೋಗಿತ್ತೇ ಹೊರತು ನಾಲಗೆಗೆ ಉಪ್ಪು ತಿಳಿಯುತ್ತಿತ್ತು. ಅವರು ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡಿದರು.

"ಉಪ್ಪು ಯಾರು ಆಕಿದ್ದು?"

ನಾನು ಬಾಯಿ ಬಿಡುವ ಮೊದಲೇ ಮಾವ ಕೆಮ್ಮಿ, "ಒಂದೀಟು ನಾನು" ಎಂದರು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, "ಚೀಲ್ದಲ್ಲಿ ಪೊಟ್ಣ ಅಂಗೇ ಇತ್ತಲ್ಲಕ್ಕ" ಎಂದರು. ಕೊನೆಗೆ, ಅಡುಗೆಯವರನ್ನು ಕರೆಸುವ ಮಾತಾಡಿದ್ದ ಚಿಕ್ಕಪ್ಪನೇ ಜೇಬಿನಿಂದ ಉಪ್ಪು ಕಟ್ಟಿದ್ದ ಖಾಲಿ ಕಾಗದ ತೆಗೆದು ತೋರಿಸಿದರು. ಒಬ್ಬರು ಹೋದ ಮೇಲೆ ಒಬ್ಬರು ಬಂದು, ಅದೇ ಚೀಲ ನೋಡಿ, ಅದೇ ಪೊಟ್ಟಣ ನೋಡಿ, ಅತ್ತೆಯ ಮಾನ ಉಳಿಸಿ ಹೋಗಿದ್ದೆವು!

"ಅದು ಹೆಚ್ಗೆ ತಂದಿದ್ದು ಕಣ್ರಲಾ" ಎಂದರು ಅತ್ತೆ. "ಬಾಡು ಬೇಯಕಿಟ್ಟಾಗ್ಲೇ ನಾನು ಉಪ್ಪು ಆಕಿದ್ದೆ."

ಹೊಳೆ ಹರಿಯುತ್ತಿತ್ತು. ಅತ್ತೆ ಸೌಟು ಹಿಡಿದು ನಿಂತೇ ಇದ್ದರು.

"ಅಂಗಾದ್ರೆ ಎಲ್ರಿಗೂ ಗೊತ್ತಿತ್ತಾ?"

"ಗಂಟು ನೋಡ್ದೋ ಅಕ್ಕ" ಎಂದರು ಚಿಕ್ಕಪ್ಪ. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅರ್ಧ ಸಾರನ್ನು ಇನ್ನೊಂದು ಪಾತ್ರೆಗೆ ಬಸಿಸಿದರು. ಎರಡಕ್ಕೂ ನೀರು ಸುರಿಸಿದರು, ಕಾಯಿ ರುಬ್ಬಿಸಿದರು, ಮುದ್ದೆಗೆ ಉಪ್ಪು ಸೋಕಿಸಬೇಡಿ ಎಂದು ಗದರಿದರು. ಮೂರು ಗಂಟಿನ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ಉದುರಿಸಿದರು. ಸಾರು ಮತ್ತೆ ಕುದಿಯಿತು. ಹಬೆ ಎದ್ದು ಮರದ ಕೊಂಬೆಯ ತನಕ ಹೋಯಿತು. ಅವರು ಅಭ್ಯಾಸದಂತೆ ಅದರ ಮೇಲೆ ಬಗ್ಗಿದರು, ಕಣ್ಣು ಮುಚ್ಚಿದರು, ಉಸಿರೆಳೆದರು. "ಆಯ್ತು" ಅನ್ನಲಿಲ್ಲ. ಕಣ್ಣು ಬಿಟ್ಟು ನನ್ನನ್ನು ಕರೆದರು.

"ಮೂರ್ವರ್ಸಾತು ಕಣವ್ವ, ಏನೂ ಬರಾಕಿಲ್ಲ. ಹೂವೂ ಇಲ್ಲ, ಸಗಣೀನೂ ಇಲ್ಲ. ನೀನು ಬಗ್ಗಿ ಮೂಸು. ಎಂಗದೆ ಅಂತ ಯೋಳು."

ನಾನು ಬಗ್ಗಿದೆ. ಬಿಸಿ ಹಬೆ ಮುಖಕ್ಕೆ ಹೊಡೆಯಿತು. "ಚೆನ್ನಾಗದೆ ಅತ್ತೆ" ಎಂದೆ.

"ಅದನ್ನ ಕೇಳ್ನಿಲ್ಲ. ಒಂದೊಂದೇ ಯೋಳು."

ಕಣ್ಣು ಮುಚ್ಚಿದೆ. "ಧನಿಯ ಬಂತು. ಅದ್ರ ಹಿಂದೆ ಬೆಳ್ಳುಳ್ಳಿ." ಅತ್ತೆಯೂ ಕಣ್ಣು ಮುಚ್ಚಿ ತಲೆಯಾಡಿಸಿದರು. "ಆಮ್ಯಾಕೆ?" "ಲವಂಗ. ಚಕ್ಕೆ. ಕಾಯಿ ಈಗ ಸೇರ್ತಾ ಅದೆ. ಹೊಳೆ ನೀರಿನ ವಾಸ್ನೆ ಬೇರೆ ಬಂದ್ಬುಟ್ಟದೆ." ನಲವತ್ತು ಜನ ಹಸಿದುಕೊಂಡು ಸುತ್ತ ನಿಂತಿದ್ದರು. ಒಬ್ಬರೂ ಬೇಗ ಎನ್ನಲಿಲ್ಲ. ಕಡೆಯಲ್ಲಿ ಇನ್ನೇನೋ ಒಂದು ಬಂತು, ಒಣಗಿದ ಕಾಡಿನ ಹಾಗೆ, ಹಳೆಯ ಮರದ ಪೆಟ್ಟಿಗೆಯ ಹಾಗೆ. ನನಗೆ ಅದರ ಹೆಸರು ಗೊತ್ತಿರಲಿಲ್ಲ. ಸುಮ್ಮನೆ ನಿಂತೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ನಕ್ಕರು. "ಅಲ್ಲಿಗೆ ಬಂದ್ಯಾ? ಅದು ಕಲ್ಲುಹೂವು ಕಣವ್ವ. ಅದು ಬಂತು ಅಂದ್ರೆ ಆಯ್ತು."

ನನ್ನ ಕಣ್ಣು ತುಂಬಿ ಹರಿಯಿತು. ಸೆರಗಿನಿಂದ ಒರೆಸಿಕೊಳ್ಳುತ್ತ, ಹೊಗೆ ಅಂದೆ.

"ಹೊಗೆ ಅತ್ಲಾಗೆ ಓಯ್ತಾ ಅದೆ" ಎಂದರು ಅತ್ತೆ, ನನ್ನ ಬೆನ್ನಿನ ಮೇಲೆ ಕೈಯಿಟ್ಟು. "ನಡಿ, ಎಲೆ ಆಕು. ಜನ ಹಸ್ದವ್ರೆ."