ಎಪ್ಪತ್ತು ವರ್ಷದ ಹವಾಯಿ ಅಂಗಿ

ದುರುಗೇಶ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಒಳಗೆ ಬರುವಷ್ಟರಲ್ಲಿ ಅವನ ಅವ್ವ ಲಕ್ಷ್ಮಕ್ಕ ಅಂಗಿಗೆ ಅರಿಶಿನ ಹಚ್ಚಿಬಿಟ್ಟಿದ್ದಳು.

ಅವಳದೇನೂ ತಪ್ಪಿಲ್ಲ. ಆ ಮನೆಯಲ್ಲಿ ಕರ್ಚೀಫಾದರೂ ಸರಿ, ಹೊಸ ಬಟ್ಟೆಗೆ ಚಿಟಿಕೆ ಅರಿಶಿನ ಮುಟ್ಟಿಸದೆ ಯಾರೂ ಮೈಗೆ ಹಾಕಿದವರಲ್ಲ. ಮಂಚದ ಮೇಲೆ ಬಿಳಿ ಕಾಗದದಲ್ಲಿ ಸುತ್ತಿಟ್ಟ ಅಂಗಿ ಕಂಡಿತು. ಮಗ ಇವತ್ತು ದೊಡ್ಡವರ ಮುಂದೆ ನಿಲ್ಲುವವನು, ಗಡಿಬಿಡಿಯಲ್ಲಿ ಮರೆತಾನು ಎಂದು ಅವಳೇ ಬೆರಳದ್ದಿ ಕಾಲರಿಗೆ ಒತ್ತಿದಳು. ಒಂದು ಬೊಟ್ಟು ಸಾಲದೆಂದು ಎರಡು.

"ಅವ್ವಾ! ಏನ್ ಮಾಡ್ದೆ? ಇದು ಹೊಸಾದಲ್ಲ, ಎಪ್ಪತ್ತು ವರ್ಷದ್ದು!"

ದುರುಗೇಶ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ತೂಗುವವನು. ದಿನವಿಡೀ ಕಣ್ಣಿಗೆ ಬೀಳುವುದು ಗೋಣಿಯ ಬಣ್ಣ, ಹೊಟ್ಟಿನ ಬಣ್ಣ, ಧೂಳಿನ ಬಣ್ಣ. ಮೂರು ವರ್ಷದ ಹಿಂದೆ ಫೋನಿನಲ್ಲಿ ಒಬ್ಬ ಮನುಷ್ಯ ಎದೆಯ ಮೇಲೆ ದಾಸವಾಳ, ಗಿಣಿ, ಸಮುದ್ರದ ಅಲೆ ಎಲ್ಲವನ್ನೂ ಹೊತ್ತು ಹಾಯಾಗಿ ನಗುತ್ತ ನಿಂತಿದ್ದನ್ನು ನೋಡಿದ. ಅವತ್ತೇ ಹವಾಯಿ ಅಂಗಿಯ ಹುಚ್ಚು ಹತ್ತಿತು. ಹಳೆಯದರ ಮಾದರಿಯಲ್ಲಿ ಹೊಸದಾಗಿ ಹೊಲಿದ ನಾಲ್ಕು ಅಂಗಿ ತರಿಸಿದ. ಅವನ್ನು ಹಾಕಿಕೊಂಡು ಹೋದರೆ ಮಿಲ್ಲಿನವರು, "ಏನಲೇ, ಯಾವ ಬ್ಯಾಂಡ್‌ಸೆಟ್ಟಿಗೆ ಸೇರ್ಕಂಡೆ?" ಎನ್ನುತ್ತಿದ್ದರು.

ಐದನೆಯದು ಮಾತ್ರ ಅಸಲಿ. ಆರು ತಿಂಗಳ ಓವರ್‌ಟೈಮ್ ಸುರಿದು ಅಮೆರಿಕದಿಂದ ತರಿಸಿದ್ದು. ಮೊಳಕಾಲ್ಮುರಿನ ಹಳೆಯ ರೇಷ್ಮೆ ಸೀರೆ ವ್ಯಾಪಾರಿ ಮುರುಗೇಂದ್ರಪ್ಪನವರು ಅಲ್ಲಿನ ಕಲ್ಯಾಣ ಮಂಟಪದಲ್ಲಿ ಹಳೆಯ ಕಾಲದ ಬಟ್ಟೆಗಳ ಪ್ರದರ್ಶನ ಇಟ್ಟಿದ್ದರು. ಇವತ್ತೇ ಸಂಜೆ ಐದಕ್ಕೆ ಆರಂಭ. ಅಂಗಿಯ ಫೋಟೋ ನೋಡಿ ಅವರೇ ಫೋನು ಮಾಡಿದ್ದರು: "ಮೂರು ಗಂಟೆಯೊಳಗೆ ತಗಂಡು ಬಾರಪ್ಪ. ನಾನು ಕೈಯಾರೆ ಮುಟ್ಟಿ ನೋಡ್ತೀನಿ. ಅಸಲಿ ಆಗಿದ್ರೆ ಗಾಜಿನ ಪೆಟ್ಟಿಗೇಲಿ ಇಟ್ಟು, ಕೆಳಗೆ ನಿನ್ನ ಹೆಸರು ಹಾಕಿಸ್ತೀನಿ."

ಹೆಸರು! ನಲವತ್ತು ವರ್ಷದಲ್ಲಿ ದುರುಗೇಶನ ಹೆಸರು ರೇಷನ್ ಕಾರ್ಡು ಬಿಟ್ಟರೆ ಅಚ್ಚಾಗಿದ್ದು ಅವನ ಮದುವೆ ಪತ್ರಿಕೆಯಲ್ಲಿ ಮಾತ್ರ. ಅಲ್ಲಿಯೂ ಹೆಣ್ಣಿನ ಕಡೆಯ ಹದಿನೆಂಟು ಜನ ಸೋದರಮಾವಂದಿರ ನಡುವೆ ಅದು ಸಂತೆಯಲ್ಲಿ ತಪ್ಪಿಸಿಕೊಂಡ ಕೂಸಿನ ಹಾಗೆ ಕಾಣುತ್ತಿತ್ತು.

"ಎಪ್ಪತ್ತು ವರ್ಷದ್ದಾ?" ಲಕ್ಷ್ಮಕ್ಕ ಕೈ ಹಿಂದಕ್ಕೆಳೆದುಕೊಂಡಳು. "ಯಾರದಪ್ಪಾ ಇದು?"

"ಯಾರೋ ಹವಾಯಿ ಕಡೆಯೋರ್ದು."

"ಚಪ್ಪಲಿ ಮಾಡೋ ಊರಾ? ಮತ್ತೆ ಆತ ಈಗ ಇದಾನಾ?"

"ಅದೆಂಗವ್ವ ಇರ್ತಾನೆ?"

ಕಾಂಪೌಂಡಿನ ಆಚೆ ಪಾತ್ರೆ ತೊಳೆಯುತ್ತಿದ್ದ ಪಕ್ಕದ ಮನೆಯ ರಂಗಕ್ಕನ ಕಿವಿಗೆ ಇಷ್ಟು ಸಾಕಾಯಿತು. "ಸತ್ತೋನ ಅಂಗಿ ತಂದಾನಂತಾ?" ಎನ್ನುತ್ತ ಸೋಪಿನ ಕೈಯಲ್ಲೇ ಬಂದಳು. ವಿಷಯ ತಿಳಿದ ಮೇಲೆ, "ಹೋಗ್ಲಿ ಬಿಡು, ಎರಡು ಬೊಟ್ಟು ಅರಿಶಿನ ತಾನೇ? ನಾನಿದೀನಲ್ಲ" ಎಂದವಳು, ದುರುಗೇಶ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕಾಲರಿಗೆ ಸೋಪು ಉಜ್ಜಿದಳು.

ಸೋಪು ತಾಗಿದ್ದೇ ತಡ, ಹಳದಿಯಾಗಿದ್ದ ಬೊಟ್ಟುಗಳು ಕೆಂಪಗೆ, ರಕ್ತದ ಹಾಗೆ ಹರಡಿಕೊಂಡವು.

ರಂಗಕ್ಕ ಅಂಗಿ ಕೈಬಿಟ್ಟಳು. "ಅಯ್ಯೋ ಶಿವನೇ! ಕುತ್ತಿಗೆ ಹತ್ರಾನೇ ಐತಲ್ಲೇ ಲಕ್ಷ್ಮಕ್ಕ! ಪಾಪ, ಆತಂಗೆ ಅಲ್ಲೇ ಏಟು ಬಿದ್ದಿರ್ಬೇಕು!"

ಹತ್ತು ನಿಮಿಷದಲ್ಲಿ ಅರ್ಧ ಬೀದಿ ಅಂಗಳದಲ್ಲಿತ್ತು. ಒಬ್ಬರು ಬೇವಿನ ಸೊಪ್ಪು ತಂದರು. ಇನ್ನೊಬ್ಬರು, ಅಂಗಿಯನ್ನು ಮನೆಯೊಳಗೆ ತೆಗೆದುಕೊಂಡು ಹೋಗಬೇಡಿ, ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿಸಿ ಇಳಿಸಿ ಎಂದರು. ಕೊನೆಗೆ ದುರುಗೇಶನ ಹೆಂಡತಿ ಮಾಲಾ ಅಡುಗೆ ಮನೆಯಿಂದ ಅರ್ಧ ನಿಂಬೆಹಣ್ಣು ಹಿಡಿದು ಬಂದು ಕಾಲರಿಗೆ ಹಿಂಡಿದಳು. ರಕ್ತ ಮತ್ತೆ ಅರಿಶಿನವಾಯಿತು.

"ಸೋಪು ತಾಗಿದ್ರೆ ಅರಿಶಿನ ಕೆಂಪಾಗ್ತೈತೆ, ಅಷ್ಟೂ ಗೊತ್ತಿಲ್ವಾ? ಇನ್ನು ಬಿಸಿಲಿಗೆ ಹಿಡೀರಿ. ಬಿಸಿಲಿಗೆ ಅದು ನಿಲ್ಲಲ್ಲ."

ಚಳ್ಳಕೆರೆಯಲ್ಲಿ ಬಿಸಿಲಿಗೇನು ಬರ? ಆದರೆ ಹೊತ್ತಿಗೆ ಬರವಿತ್ತು, ಹನ್ನೊಂದರ ಬಸ್ಸು ತಪ್ಪಿದರೆ ಕೆಲಸ ಕೆಟ್ಟಂತೆ. ದುರುಗೇಶ ಹೊಸ ನಾಲ್ಕರಲ್ಲಿ ಅನಾನಸಿನ ಚಿತ್ರದ ಅಂಗಿ ತೊಟ್ಟುಕೊಂಡು, ಅಸಲಿಯನ್ನು ಎದೆಗವಚಿಕೊಂಡು ಓಡಿದ. ಬಿಸಿಲು ಬೀಳುವ ಕಡೆಯ ಕಿಟಕಿ ಹಿಡಿದು ಕೂತ. ಅಂಗಿಯ ಎರಡು ತೋಳುಗಳನ್ನೂ ಬಿಗಿಯಾಗಿ ಹಿಡಿದು ಕಿಟಕಿಯಿಂದ ಆಚೆ ಇಳಿಬಿಟ್ಟ.

ಬಸ್ಸು ಊರು ದಾಟಿದ್ದೇ ಅಂಗಿಯೊಳಗೆ ಗಾಳಿ ಹೊಕ್ಕು, ಹೊಟ್ಟೆ ತುಂಬಿದ ಯಜಮಾನನ ಹಾಗೆ ಅದು ಉಬ್ಬಿತು. ರಸ್ತೆ ಬದಿಯವರು ಕೈಬೀಸಿದರು. ಪಕ್ಕದಲ್ಲಿ ಕೂತಿದ್ದ ಪಾತಮ್ಮ ಎಂಬ ಮುದುಕಿ, "ಏನಯ್ಯಾ, ಅಂಗಿ ಮೇಲೆ ವಾಂತಿ ಆಯ್ತಾ?" ಎಂದು ಮರುಗಿ ಒಂದು ಏಲಕ್ಕಿ ಕೊಟ್ಟಳು. ತಳುಕಿನಲ್ಲಿ ಹತ್ತಿದವರು ಇನ್ನೊಂದು ಮಾತು ತೆಗೆದರು. "ಯಾವ ಪಾರ್ಟಿ ಬಾವುಟ ಸ್ವಾಮಿ ಇದು? ಹೂವು ಐತೆ, ಗಿಣಿ ಐತೆ, ತೆಂಗಿನ ಮರಾನೂ ಐತೆ. ಎಲ್ಲಾ ಪಾರ್ಟೀನೂ ಒಂದಾಗ್ಬಿಟ್ವಾ?" ಕಂಡಕ್ಟರನಿಗಂತೂ ನಗು ತಡೆಯದೆ ಸೀಟಿಯೇ ಊದಲಾಗಲಿಲ್ಲ.

ದುರುಗೇಶನ ಕಣ್ಣೆಲ್ಲ ಕಾಲರಿನ ಮೇಲೆ. ಹಳದಿ ತಿಳಿಯಾಗುತ್ತಿತ್ತು. ಇನ್ನೂ ತಿಳಿಯಾಯಿತು. ಮೊಳಕಾಲ್ಮುರಿನ ಹತ್ತಿರದ ಹಾನಗಲ್ ಬರುವ ಹೊತ್ತಿಗೆ, ತಿಳಿದವರಿಗಷ್ಟೇ ಕಾಣುವಂತಿತ್ತು.

ಅಲ್ಲಿಂದ ಸ್ವಲ್ಪ ಮುಂದೆ ಮೇಕೆಯ ಹಿಂಡೊಂದು ರಸ್ತೆಗೆ ಅಡ್ಡ ಬಂದು ಬಸ್ಸು ನಿಂತಿತು. ಉಳಿದ ಮೇಕೆಗಳೆಲ್ಲ ಮರ್ಯಾದೆಯಿಂದ ರಸ್ತೆ ದಾಟಿದವು. ಗಡ್ಡದ ಹೋತವೊಂದು ಮಾತ್ರ ತಲೆಯೆತ್ತಿತು. ಅದು ಹುಟ್ಟಿದಾರಭ್ಯ ಅಷ್ಟು ದೊಡ್ಡ ದಾಸವಾಳ ನೋಡಿರಲಿಲ್ಲ. ಹಿಂಗಾಲ ಮೇಲೆ ನಿಂತು, ಬಸ್ಸಿಗೆ ಮುಂಗಾಲು ಆನಿಸಿ, ಅಂಗಿಯ ಕೆಳಗಿನ ಅಂಚಿಗೆ ಬಾಯಿ ಹಾಕಿತು.

"ಬಿಡಲೇ! ಬಿಡು! ಎಪ್ಪತ್ತು ವರ್ಷದ್ದು ಅದು!"

"ಅದಕ್ಕೆ ಹೇಳಿ ಏನ್ ಪ್ರಯೋಜನ? ಮೇಕೆ ವರ್ಷ ನೋಡಿ ತಿನ್ತೈತಾ?" ಎಂದಳು ಪಾತಮ್ಮ, ಅವನ ಸೊಂಟ ಹಿಡಿದು ಹಿಂದಕ್ಕೆಳೆಯುತ್ತ.

ಬಸ್ಸು ಹೊರಟಿದ್ದರಿಂದ ಜಗ್ಗಾಟ ಮುಗಿಯಿತು. ನೋಡಿದರೆ ಬಟ್ಟೆ ಹರಿದಿರಲಿಲ್ಲ. ಅಂಚಿನ ಮಡಿಕೆಯ ಹೊಲಿಗೆ ನಾಲ್ಕು ಬೆರಳಿನಷ್ಟು ಬಿಚ್ಚಿಕೊಂಡಿತ್ತು, ಅಷ್ಟೇ. ದುರುಗೇಶ ದೊಡ್ಡ ಉಸಿರು ಬಿಟ್ಟ. ಹಳೆಯ ಬಟ್ಟೆಗೆ ಅಷ್ಟು ಬಿಚ್ಚಿದ್ದರೇ ಲಕ್ಷಣ ಎಂದು ಸಮಾಧಾನ ಮಾಡಿಕೊಂಡ.

ಕಲ್ಯಾಣ ಮಂಟಪದಲ್ಲಿ ಮೇಜುಗಳ ಮೇಲೆ ಸೀರೆ, ಕಂಬಳಿ, ಕೌದಿಗಳು ಹರಡಿದ್ದವು. ನಟ್ಟನಡುವೆ ಖಾಲಿ ಗಾಜಿನ ಪೆಟ್ಟಿಗೆ. ಅದನ್ನು ಕಂಡು ದುರುಗೇಶ ಅಂಗಿಯ ಸುಕ್ಕುಗಳನ್ನು ಇನ್ನೊಮ್ಮೆ ಸವರಿದ.

ಮುರುಗೇಂದ್ರಪ್ಪನವರು ಅಂಗಿ ತೆಗೆದುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆಯನ್ನು ನಿಧಾನವಾಗಿ ಉಜ್ಜಿದರು. ಕಾಲರು ಮೂಸಿದರು. ನಿಂಬೆಹಣ್ಣಿನ ವಾಸನೆಗೆ ಹುಬ್ಬು ಗಂಟಿಕ್ಕಿದರು.

"ಭೇಷ್," ಎಂದರು. "ನುಣುಪು ಐತೆ, ಸವೆದೈತೆ. ಎಪ್ಪತ್ತು ಅಂದ್ರೆ ಎಪ್ಪತ್ತೇ. ಬೋರ್ಡ್ ಬರೆಯೋನ್ನ ಕರೀರಿ."

ದುರುಗೇಶನ ಕಾಲು ನೆಲದ ಮೇಲಿರಲಿಲ್ಲ. ಕೂಡಲೇ ಮನೆಗೆ ಫೋನು ಮಾಡಿದ. ಆ ತುದಿಯಲ್ಲಿ ಲಕ್ಷ್ಮಕ್ಕನ ಸಂತೋಷಕ್ಕಿಂತ ರಂಗಕ್ಕನ ಕೂಗೇ ಜೋರಾಗಿ ಕೇಳಿಸಿತು: "ಟೆಂಪೋ ಮಾಡ್ಕಂಡು ಎಲ್ಲಾರೂ ಬರ್ತೀವಿ ಕಣೋ!"

ಅವನು ಫೋನು ಜೇಬಿಗಿಡುವಷ್ಟರಲ್ಲಿ ಮುರುಗೇಂದ್ರಪ್ಪನವರು ಕನ್ನಡಕ ಏರಿಸಿ, ಬಿಚ್ಚಿಕೊಂಡ ಅಂಚನ್ನು ಬೆಳಕಿಗೆ ಹಿಡಿದಿದ್ದರು.

"ದುರುಗೇಶಪ್ಪಾ, ಅಮೆರಿಕದಾಗೆ ಅರಿಶಿನ ಹಚ್ತಾರೇನಪ್ಪಾ?"

"ಅದು ನಮ್ಮವ್ವ ಬೆಳಗ್ಗೆ ಕಾಲರಿಗೆ..."

"ಕಾಲರು ಬಿಡು. ನಿಮ್ಮವ್ವ ಹೊಲಿಗೆ ಒಳಗೆ ಬೆರಳು ಹಾಕಿದ್ರೇನು?"

ಮಡಿಕೆಯ ಒಳಗೆ, ಬಿಸಿಲು ಕಾಣದ ಜಾಗದಲ್ಲಿ, ಚಿಟಿಕೆ ಗಾತ್ರದ ಹಳದಿ ಬೊಟ್ಟು ಹಾಯಾಗಿ ಕೂತಿತ್ತು.

"ಉಚ್ಚಂಗೆಮ್ಮನ್ನ ಕರೀರಿ," ಎಂದರು ಮುರುಗೇಂದ್ರಪ್ಪನವರು.

ಉಚ್ಚಂಗೆಮ್ಮ ಹಿಂದಿನ ಬೀದಿಯ ಟೈಲರಮ್ಮ. ಪ್ರದರ್ಶನದ ಪರದೆ ಹೊಲಿಯುತ್ತಿದ್ದವಳು ಬಾಯಲ್ಲಿ ದಾರ ಕಚ್ಚಿಕೊಂಡೇ ಬಂದಳು. ಅಂಗಿ ನೋಡಿ ದಾರ ಉಗಿದು, "ಅಯ್ಯೋ ನನ್ನ ಕೂಸೇ, ಎಲ್ಲಿ ಹೋಗಿದ್ಯೇ?" ಎಂದು ಅದನ್ನು ಬಾಚಿಕೊಂಡಳು.

"ನೀನೇ ಹೊಲಿದದ್ದಾ?"

"ಮತ್ತೆ? ಮೊದಲ್ನೇ ಮಡಿಕೆಗೆ ಅರಿಶಿನ ಇಡ್ದೆ ನಾನು ಸೂಜಿ ಊರಲ್ಲ ಅಂತ ಊರಿಗೇ ಗೊತ್ತು. ಹನ್ನೆರಡು ವರ್ಷದ ಹಿಂದೆ ಬೆಂಗಳೂರಿನೋರು ಅಮೆರಿಕಕ್ಕೆ ಕಳಿಸೋಕಂತ ಬಟ್ಟೆ ಕೊಟ್ಟು ಇಂಥವು ಇನ್ನೂರು ಹೊಲಿಸಿದ್ರು. ಆಮೇಲೆ ಚಾ ನೀರಲ್ಲಿ ಅದ್ದಿ, ಕಲ್ಲಿಗೆ ಉಜ್ಜಿ ಹಳೇದು ಮಾಡ್ಕೊಡಮ್ಮ ಅಂದ್ರು. ಹೊಸ ಬಟ್ಟೇನ ಹಂಗೆ ಉಜ್ಜೋವಾಗ ನನ್ನ ಹೊಟ್ಟೆ ಉರಿದುಹೋಯ್ತು ಸ್ವಾಮಿ." ಆಮೇಲೆ ದುರುಗೇಶನ ಕಡೆ ತಿರುಗಿ, "ಎಷ್ಟು ಜೋಪಾನ ಮಾಡಿದೀಯಪ್ಪಾ! ಅಂಚು ಮಾತ್ರ ಯಾರು ಜಗ್ಗಿದ್ರು?" ಎಂದಳು.

ದುರುಗೇಶ ಅಂಗಿ ಸುತ್ತಿಕೊಂಡು ಹಿಂದಿನ ಬಾಗಿಲಿಂದ ಜಾರುವವನಿದ್ದ. ಮುರುಗೇಂದ್ರಪ್ಪನವರು ತೋಳು ಹಿಡಿದರು.

"ಎಲ್ಲಿಗಪ್ಪಾ? ಈ ಅಂಗಿ ಮೊಳಕಾಲ್ಮುರಲ್ಲಿ ಹುಟ್ಟಿ, ಅಮೆರಿಕಾ ನೋಡ್ಕಂಡು ಬಂದು, ಐವತ್ತು ವರ್ಷ ಬಟ್ಟೆ ಮಾರಿದ ನನ್ನ ಬೆರಳಿಗೇ ಮಣ್ಣು ಎರಚೈತೆ! ಇದಕ್ಕಿಂತ ಒಳ್ಳೆ ವಸ್ತು ನನ್ನ ಪ್ರದರ್ಶನದಾಗೆ ಇಲ್ಲ. ಪೆಟ್ಟಿಗೇಲಿ ಇದೇ ಇರ್ಲಿ. ಹೆಸರೂ ಹಾಕಿಸ್ತೀನಿ. ಮಾತು ಕೊಟ್ಟಿದೀನಲ್ಲ."

"ಹೆಸರು ಬ್ಯಾಡ್ರೀ, ಕೈ ಮುಗೀತೀನಿ!"

"ಸಂಕೋಚ ಯಾಕೆ?" ಎಂದು ಅವರು ಬೋರ್ಡ್ ಬರೆಯುವವನಿಗೆ ದೊಡ್ಡ ಕುಂಚ ಎತ್ತಿಕೊಳ್ಳಲು ಹೇಳಿದರು.

ಐದಕ್ಕೆ ಸರಿಯಾಗಿ ಟೆಂಪೋ ಬಂದು ನಿಂತಿತು. ಬೀದಿಗೆ ಬೀದಿಯೇ ಇಳಿಯಿತು, ಜೊತೆಗೆ ಮಿಲ್ಲಿನವರೂ. ಎಲ್ಲರ ಮುಂದೆ ಹೊಸ ಸೀರೆಯುಟ್ಟ ಲಕ್ಷ್ಮಕ್ಕ, ಕೈಯಲ್ಲಿ ಕನಕಾಂಬರದ ಹಾರ. ದುರುಗೇಶ ಎರಡೂ ಕೈ ಅಗಲಿಸಿ, ತನ್ನ ಅನಾನಸುಗಳಿಂದ ಬೋರ್ಡನ್ನು ಮುಚ್ಚಿಕೊಂಡು ನಿಂತ.

"ಪಕ್ಕಕ್ಕೆ ಸರಿಯಲೇ, ನಿನ್ನ ಮುಖ ದಿನಾ ನೋಡ್ತೀವಿ," ಎಂದು ಮಿಲ್ಲಿನವರು ಅವನನ್ನು ಮೂಟೆ ಎತ್ತುವಂತೆ ಎತ್ತಿ ಬದಿಗಿಟ್ಟರು.

ಲಕ್ಷ್ಮಕ್ಕನಿಗೆ ಓದು ಬಾರದು. ರಂಗಕ್ಕ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು: "ಹೊಲಿದವರು, ಉಚ್ಚಂಗೆಮ್ಮ, ಮೊಳಕಾಲ್ಮುರು. ಎಪ್ಪತ್ತು ವರ್ಷ ಹಳೆಯದೆಂದು ನಂಬಿ ಅಮೆರಿಕದಿಂದ ತರಿಸಿಕೊಂಡವರು, ದುರುಗೇಶ್, ಚಳ್ಳಕೆರೆ."

ಮಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಿಲ್ಲಿನವರ ಭುಜಗಳು ಕುಲುಕಾಡತೊಡಗಿದವು.

ಲಕ್ಷ್ಮಕ್ಕ ಮಾತ್ರ ಒದ್ದೆ ಕಣ್ಣು ಒರೆಸಿಕೊಂಡು, ಮಗನ ಕೊರಳಿಗೆ ಹಾರ ಹಾಕಿ, ರಂಗಕ್ಕನ ಕಡೆ ತಿರುಗಿದಳು.

"ಇನ್ನೊಂದ್ಸಲ ಓದೇ, ಸ್ವಲ್ಪ ಜೋರಾಗಿ. ನನ್ನ ಮಗನ ಹೆಸರು ಹಿಂದಿನೋರಿಗೆ ಕೇಳಿಸ್ಲಿಲ್ಲ."