ತಾನೇ ಕೈಯೆತ್ತುವ ರೈಡರ್

ನಮ್ಮ ಕಾಲೇಜಿನ ಕಬಡ್ಡಿ ತಂಡವನ್ನು ಅತಿ ಹೆಚ್ಚು ಸಲ ಸೋಲಿಸಿದವನು ನಮ್ಮದೇ ತಂಡದ ರೈಡರ್! ಶ್ರೀರಂಗಪಟ್ಟಣದ ಕ್ರೈಸ್ತರ ಮನೆಯ ಹುಡುಗ. ಹಿಡಿದರೆ ಮೀನಿನಂತೆ ಜಾರುತ್ತಿದ್ದ. ಏನು ಪ್ರಯೋಜನ? ಕಾಲಿನ ತುದಿ ಗೆರೆ ದಾಟಿದ್ದನ್ನು ಅಂಪೈರ್ ನೋಡದಿದ್ದರೂ ತಾನೇ ಕೈಯೆತ್ತಿ ಹೊರಗೆ ಹೋಗಿಬಿಡುತ್ತಿದ್ದ. ತಂಡದ ನಾಯಕ ನಾನು. ನನ್ನ ಹೊಟ್ಟೆ ಉರಿಯದೆ ಇರುತ್ತದೆಯೇ?

"ಅಂಪೈರೇ ನೋಡ್ನಿಲ್ಲ, ನಿಂಗ್ಯಾಕ್ಲಾ ಉಸಾಬರಿ?" ಎಂದರೆ, "ನಾನ್ ನೋಡ್ದೆ ಕಣಣ್ಣ" ಎನ್ನುತ್ತಿದ್ದ. ಇದಕ್ಕೇನು ಹೇಳುತ್ತೀರಿ?

ರೈಡಿಗೆ ಹೋಗುವ ಮುನ್ನ ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ. ಪಾಂಡವಪುರದ ತಂಡದವರು ಇದನ್ನು ನಮಗೆ ಕೊಡುವ ಸನ್ನೆಯೆಂದೇ ತಿಳಿದರು. ಕೊನೆಗೆ ಬಲಭುಜ ಮುಟ್ಟಿದನಲ್ಲ, ಬಲಕ್ಕೇ ನುಗ್ಗುತ್ತಾನೆಂದು ಅಷ್ಟೂ ಜನ ಅತ್ತಲೇ ಕಾದರು. ಇವನು ಎಡಕ್ಕೆ ಹೋಗಿ ಮುಟ್ಟಿ ಬಂದ. ಮತ್ತೆ ಮತ್ತೆ ಮುಟ್ಟಿ ಬಂದ. ಧರ್ಮದಿಂದ ಪಾಯಿಂಟೂ ಸಿಗುತ್ತದಲ್ಲ ಎಂದು ನಾನು ಹಿಗ್ಗಿದೆ. ಬಿಡುವಿನಲ್ಲಿ ನೀರು ಕುಡಿಯಲು ಹೋದ ಪುಣ್ಯಾತ್ಮ, ಅದು ಸನ್ನೆಯಲ್ಲ, ಪ್ರಾರ್ಥನೆ ಎಂದು ಎದುರಾಳಿಗಳಿಗೆಲ್ಲ ವಿವರಿಸಿ ಬಂದ. ಸೋತೆವು.

ಕೆ.ಆರ್. ಪೇಟೆಯಲ್ಲಿ ಮಾತ್ರ ಅವನಿಂದಲೇ ಗೆದ್ದೆವು. ಕಪ್ಪಿನ ಜೊತೆ ಒಂದು ಟಗರು ಬಹುಮಾನ! ಎಲ್ಲರ ಬಾಯಲ್ಲೂ ನೀರು. ಆಗ ಇವನು ತಣ್ಣಗೆ, "ಈಗ ತಪಸ್ಸುಕಾಲ ಕಣಣ್ಣ. ಈಸ್ಟರ್ ಗಂಟ ನಾನು ಬಾಡು ಮುಟ್ಟಕಿಲ್ಲ. ನೀವ್ ತಿನ್ನಿ" ಎಂದ. ಗೆಲ್ಲಿಸಿದವನನ್ನು ಬಿಟ್ಟು ತಿನ್ನುವುದು ಹೇಗೆ? ಕಿರಂಗೂರಿನ ನಮ್ಮ ಹಿತ್ತಿಲಲ್ಲಿ ಟಗರನ್ನು ಕಟ್ಟಿ ಈಸ್ಟರಿಗೆ ಕಾದೆವು. ಅಷ್ಟರಲ್ಲಿ ನಮ್ಮವ್ವ ಅದಕ್ಕೆ ಮುದ್ದ ಎಂದು ಹೆಸರಿಟ್ಟು, ಕೈಯಾರೆ ಹುರುಳಿ ತಿನ್ನಿಸತೊಡಗಿದ್ದಳು. "ಎಸ್ರಿಟ್ಟ ಮ್ಯಾಲೆ ಕುಯ್ಯಕಾಯ್ತದೇನ್ಲಾ?" ಎಂದಳು. ಹಬ್ಬದ ದಿನ ಇಡೀ ತಂಡ ಮುದ್ದೆಗೆ ಮೊಟ್ಟೆ ಸಾರು ಉಂಡು, ಟಗರಿನ ಮುಖ ನೋಡಿಕೊಂಡು ಎದ್ದಿತು.

ಅದಾದ ಮೇಲೆ ನಾಗಮಂಗಲದ ಪಂದ್ಯದಲ್ಲಿ ಅವನ ಮಂಡಿ ತಿರುಚಿಕೊಂಡಿತು. ಇನ್ನು ಆಡುವಂತಿಲ್ಲ ಎಂದರು ಡಾಕ್ಟರು. ನನಗೆ ದಿಗಿಲಾಯಿತು. ಅವನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದು ಆಟದಿಂದ, ನಾಲ್ಕು ಊರಿನಲ್ಲಿ ಗುರುತು ಸಿಕ್ಕಿದ್ದು ಆಟದಿಂದ. ಆಟವೇ ಹೋದರೆ ಉಳಿಯುವುದೇನು? ನನಗೂ ಅದು ಕಾಲೇಜಿನ ಕೊನೆಯ ವರ್ಷ. ನಾಯಕ ಎನ್ನುವುದನ್ನು ಕಳೆದರೆ ನಾನು ಯಾರು ಎಂಬ ಭಯ ನನ್ನೊಳಗೂ ಇತ್ತು. ಯಾರಿಗೂ ಹೇಳಿರಲಿಲ್ಲ.

ಸಮಾಧಾನದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಅವನ ಮನೆಗೆ ಹೋದೆ. ಮಂಡಿಗೆ ಪಟ್ಟಿ ಸುತ್ತಿಕೊಂಡು ಚರ್ಚಿನ ಮಕ್ಕಳಿಗೆ ಹಾಡು ಕಲಿಸುತ್ತಾ ಕೂತಿದ್ದ. ರಾಗವೋ, ದೇವರೇ ಸಹಿಸಿಕೊಳ್ಳಬೇಕು! ಮುಖ ಮಾತ್ರ ಅರಳಿತ್ತು. ಕಲಿತಿದ್ದ ಮಾತೆಲ್ಲ ಮರೆತುಹೋಯಿತು.

"ಇನ್ಮೇಲೆ ನೀನು ಯಾರ್ಲಾ?" ಎಂದು ಕೇಳಿಯೇಬಿಟ್ಟೆ.

"ಮೊದ್ಲು ಯಾರಾಗಿದ್ನೋ ಅವ್ನೇ ಕಣಣ್ಣ. ಜ್ಞಾನಸ್ನಾನದ ದಿನ ಪಾದ್ರಿಗಳು ತಲೆಗೆ ನೀರುಯ್ದು, ದೇವ್ರ ಮಗ ಇವ್ನು ಅಂತ ನನ್ನ ಎಸ್ರಿಡ್ದು ಕರ್ದಾಗ ನಂಗೆ ನಡಿಯಕ್ಕೂ ಬತ್ತಿರ್ನಿಲ್ಲ."

ಅವನು ನನ್ನ ಮುಖವನ್ನೇ ನೋಡಿ, "ನಿಮ್ಮವ್ವ ನಿನ್ನ ಮೊದ್ಲು ಎತ್ಕಂಡಾಗ ನೀನೇನ್ ಕ್ಯಾಪ್ಟನ್ ಆಗಿದ್ದೇನಣ್ಣ?" ಎಂದ.

ನಗೋಣವೆಂದು ಬಾಯಿ ತೆರೆದೆ, ಅಳು ಬಂತು. ಅವನು ಗೋಡೆ ಹಿಡಿದು ಕುಂಟುತ್ತಾ ಬಂದು, ಮಕ್ಕಳೆದುರಿಗೇ ನನ್ನ ಕಣ್ಣೊರೆಸಿದ.